ದೇಹೂರೋಡಿನ ಬುದ್ಧ
ಡಿಸೆಂಬರ್ 25 ಬಂತೆಂದರೆ ಪುಣೆ ಕ್ಯಾಂಪಿನ ಎಂ.ಜಿ. ರಸ್ತೆಯ ತುಂಬ ದೀಪ, ಕೇಕಿನ ಘಮ. ನನಗೆ ಮಾತ್ರ ಅದು ಸ್ಟೇಷನ್ನಿಗೆ ಹೋಗಿ ಲೋಣಾವಳ ಲೋಕಲ್ ಹತ್ತುವ ದಿನ. 1954ರಲ್ಲಿ ಇದೇ ತಾರೀಖು ಬಾಬಾಸಾಹೇಬ್ ಅಂಬೇಡ್ಕರರು ದೇಹೂರೋಡಿನಲ್ಲಿ ಬುದ್ಧಮೂರ್ತಿಯನ್ನು ಪ್ರತಿಷ್ಠಾಪಿಸಿದರು. ಮೂರ್ತಿ ರಂಗೂನಿನಿಂದ ಬಂದದ್ದು. ನಾಗಪುರದಲ್ಲಿ ಅವರು ಬೌದ್ಧ ದೀಕ್ಷೆ ಪಡೆಯುವುದಕ್ಕೆ ಆಗಿನ್ನೂ ಸುಮಾರು ಎರಡು ವರ್ಷ ಬಾಕಿ!

ಆ ಮೂರ್ತಿಯ ಮುಂದೆ ಬಿಳಿ ಸೀರೆಯ ಅಜ್ಜಿಯರು, ಹೆಗಲೇರಿದ ಮಕ್ಕಳು, ಪಂಚಶೀಲ ಧ್ವಜದ ನೀಲಿ, ಹಳದಿ, ಕೆಂಪು, ಬಿಳಿ, ಕಿತ್ತಳೆ. ಎಲ್ಲರೂ ಒಂದೇ ಉಸಿರಿನಲ್ಲಿ ತ್ರಿಶರಣ ಹೇಳುವಾಗ, ಮರಾಠಿ ನಾಲಗೆಯ ಮೇಲೆ ಪಾಲಿ ಎಷ್ಟು ಮೆತ್ತಗಾಗುತ್ತದೆ! ನಮ್ಮ ಕರ್ನಾಟಕದ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಸಿಕ್ಕ, ‘ರಾಯೋ ಅಸೋಕೋ’ ಎಂದು ಕೊರೆದ ಅಶೋಕನ ಕಲ್ಲಿನ ಬಗ್ಗೆ ಪಕ್ಕದ ಅಜ್ಜಿಗೆ ಹೇಳಿದೆ. ಅವರು ತಮ್ಮ ಮೇಣದಬತ್ತಿಯಿಂದ ನನ್ನದನ್ನೂ ಹಚ್ಚಿಕೊಟ್ಟರು.