ಮುದುಕನ ಅಂಗೈ ಮತ್ತು ರೀಲಿನ ವಾಷರು

ನ್ಯೂಜೆರ್ಸಿಯ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡ ಪೆನ್ ಸೆನೆಟರ್ ಗಾಳದ ರೀಲನ್ನು ಬಿಚ್ಚಿ ಕೂತಾಗ, ‘ದಿ ಓಲ್ಡ್ ಮ್ಯಾನ್ ಅಂಡ್ ದ ಸೀ’ಯನ್ನು ಇಷ್ಟು ದಿನ ಅವಸರದಲ್ಲಿ ಓದಿದ್ದೆ ಅನ್ನಿಸಿತು. ಈ ಮಾದರಿ ಬಂದದ್ದು 1936ರಲ್ಲಿ, ಕಾದಂಬರಿ 1952ರಲ್ಲಿ. ಹೆಮಿಂಗ್ವೆ ತನ್ನ ‘ಪಿಲಾರ್’ ದೋಣಿಯಲ್ಲಿ ರೀಲು ಹಿಡಿದೇ ಮಾರ್ಲಿನ್ ಬೇಟೆಯಾಡಿದವನು. ಸಾಂಟಿಯಾಗೋನ ಕೈಗೆ ಮಾತ್ರ ಬರೀ ಹುರಿ ಕೊಟ್ಟ. ಕ್ಯೂಬಾದ ಬಡ ಬೆಸ್ತರು ಹಾಗೇ ಹಿಡಿಯುತ್ತಿದ್ದರು, ನಿಜ; ನಾನೂ ಅದನ್ನು ಬಡತನದ ವಿವರ ಎಂದಷ್ಟೇ ಓದಿದ್ದೆ.

ರೀಲಿನ ಹಿಡಿಯ ಬುಡದಲ್ಲಿ ನಕ್ಷತ್ರದಾಕಾರದ ಚಕ್ರವಿದೆ. ಅದನ್ನು ಬಿಗಿದರೆ ಒಳಗಿನ ವಾಷರುಗಳು ಗಿಯರನ್ನು ಅಮುಕಿ ಹಿಡಿಯುತ್ತವೆ. ಮೀನು ಜೋರಾಗಿ ಜಗ್ಗಿದಾಗ ಜಾರುತ್ತ, ಬಿಸಿಯಾಗುತ್ತ ದಾರ ಬಿಡುತ್ತವೆ. ಮುದುಕನ ಅಂಗೈ, ಬೆನ್ನು ಮಾಡುವುದೂ ಇದನ್ನೇ. ರೀಲು ಕೊಟ್ಟಿದ್ದರೆ ಕಾದಂಬರಿಯ ಅರ್ಧ ಭಾಗವನ್ನು ಯಂತ್ರವೇ ನುಂಗುತ್ತಿತ್ತು. ಆ ಗಾಯವನ್ನು ಕಂಡ ಕೂಡಲೇ ಶಿಲುಬೆಯ ಕಡೆ ಓಡುವ ವಿಮರ್ಶೆ ನನಗೀಗ ಒಗ್ಗುವುದಿಲ್ಲ. ಮೊದಲು ಅದು ಹುರಿ ಉಜ್ಜಿ ಆದ ಗಾಯ.

ನನ್ನ ರೀಲಿಗೆ ಕಾರ್ಬನ್ ಫೈಬರಿನ ವಾಷರು ಹಾಕಿದೆ. ಈಗ ದಾರ ಎಲ್ಲೂ ತಡೆಯದೆ ಜಾರುತ್ತದೆ. ಸವೆದು ಗಾಜಿನಂತಾಗಿದ್ದ ಹಳೆಯವನ್ನು ಎಸೆಯಲಾಗದೆ ಡಬ್ಬಿಯಲ್ಲಿಟ್ಟಿದ್ದೇನೆ.