ಹಿಟ್ಟಿನ ಕೋಳಿಯೂ ಪರದೇಶದ ಪ್ರಯೋಗಶಾಲೆಯೂ

ಜನ್ನ ಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ಸಂಕಲ್ಪಹಿಂಸೆಯ ದುಷ್ಫಲವನ್ನು ಸಾರುವ ಕಾವ್ಯವೆಂದು ಓದುವುದು ರೂಢಿ. ಈ ಅರ್ಥ ಸರಿಯಾದುದೇ. ಆದರೆ ಅಷ್ಟಕ್ಕೇ ನಿಲ್ಲತಕ್ಕದ್ದಲ್ಲ. ಕಾವ್ಯದ ತಿರುಳಿರುವುದು ಒಂದು ರಾಜಿಯಲ್ಲಿ. ಯಶೋಧರನು ಜೀವಬಲಿಗೆ ಒಪ್ಪನು. ತಾಯಿ ಚಂದ್ರಮತಿ ಬಲಿಯನ್ನು ಬಯಸುವುದು ಕ್ರೌರ್ಯದಿಂದಲ್ಲ, ಮಗನ ಅರಿಷ್ಟ ಕಳೆಯಲೆಂಬ ವಾತ್ಸಲ್ಯದಿಂದ. ಇಬ್ಬರ ಮಾತೂ ಉಳಿಯಲೆಂದು ಹಿಟ್ಟಿನ ಕೋಳಿ ಸಿದ್ಧವಾಗುತ್ತದೆ. ಕತ್ತಿ ತಗುಲಿದಾಗ ಅದು ಕೂಗುತ್ತದೆ. ತಾಯಿ ಮಕ್ಕಳು ನಾಯಿ, ನವಿಲುಗಳಾಗಿ ಹುಟ್ಟಿ ತಿರ್ಯಂಚ ಜನ್ಮಗಳಲ್ಲಿ ತೊಳಲುತ್ತಾರೆ.

ಕೈಗೆ ರಕ್ತ ಅಂಟಬಾರದು, ಫಲ ಮಾತ್ರ ಕೈಸೇರಬೇಕು ಎಂಬ ಈ ಆಸೆ ಇಂದಿನ ಸರಕಾರಗಳಲ್ಲಿಯೂ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು 2011ರಿಂದ 2021ರವರೆಗೆ ಪ್ರಾಣಿಪ್ರಯೋಗವನ್ನು ಒಳಗೊಂಡ ಪರದೇಶದ ಸಂಶೋಧನೆಗಳಿಗೆ ಸುಮಾರು 220 ಕೋಟಿ ಡಾಲರ್ ನೀಡಿತು. ಆ ಪ್ರಯೋಗಶಾಲೆಗಳು ತಾವೇ ಬರೆದುಕೊಟ್ಟ ಮಾಹಿತಿಯನ್ನು ಅದು ಪರಿಶೀಲಿಸುತ್ತಿರಲಿಲ್ಲವೆಂದು ಅಲ್ಲಿನ ಸರಕಾರಿ ಲೆಕ್ಕಪರಿಶೋಧನಾ ಸಂಸ್ಥೆಯೇ 2023ರಲ್ಲಿ ಹೇಳಿತು. ಹಿಟ್ಟಿನ ಕೋಳಿಯಲ್ಲಿ ಜೀವವಿರಲಿಲ್ಲ, ಸಂಕಲ್ಪವಿತ್ತು. ಇಲ್ಲಿ ಜೀವವಿದೆ, ಸಂಕಲ್ಪ ಮಾತ್ರ ಕಡತದಲ್ಲಿ ಅಡಗಿದೆ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಆಸ್ರವಕ್ಕೆ ಕಾರಣವಾಗಿ ಎಣಿಸುತ್ತದೆ. ಇದು ವ್ಯಾಪಾರಿಗೆ ಹೊಸ ಮಾತಲ್ಲ. ಜವನಗೊಂಡನಹಳ್ಳಿಯ ಅಂಗಡಿಕಾರನು ಬೆಂಗಳೂರಿನ ದಲ್ಲಾಳಿಯ ಮೂಲಕ ಸರಕು ತರಿಸಿದರೂ ಖರ್ಚು ಬೀಳುವುದು ತನ್ನ ಖಾತೆಗೇ. ಪಾಪದ ಖಾತೆಗೂ ಗಡಿಯಿಲ್ಲ.

ಇಂಥ ಅನುದಾನವನ್ನು ನಿರ್ಬಂಧಿಸುವ ಮಸೂದೆಗಳು ಅಮೆರಿಕದ ಸಂಸತ್ತಿನಲ್ಲಿ ಮಂಡನೆಯಾಗಿವೆ. ಅವು ಸ್ವಾಗತಾರ್ಹವೇ. ಆದರೆ ಅಲ್ಲಿ ಹೆಚ್ಚು ಕೇಳಿಬರುವುದು ತೆರಿಗೆ ಹಣದ ದುಂದು ಮತ್ತು ಮೇಲ್ವಿಚಾರಣೆಯ ಕೊರತೆಯ ಮಾತು. ಜೀವದಯೆಯ ಮಾತು ಕಡಿಮೆ. ಪರದೇಶದ ಪಂಜರಕ್ಕೆ ಹಣ ನಿಲ್ಲಿಸಿ ಸ್ವದೇಶದ ಪಂಜರಕ್ಕೆ ಕೊಟ್ಟರೆ ಕೋಳಿ ಬದಲಾಯಿತೇ ಹೊರತು ಕತ್ತಿ ಇಳಿಯಲಿಲ್ಲ.

ಭಾರತದ ನಡೆ ಗಮನಾರ್ಹ. ವೈದ್ಯಕೀಯ ಕಾರ್ಯಕ್ಕೆಂದು ಅಮೆರಿಕಕ್ಕೆ ಕಳುಹಿಸಿದ ರೀಸಸ್ ಕೋತಿಗಳು ಸೈನಿಕ ವಿಕಿರಣ ಪ್ರಯೋಗಗಳಿಗೆ ಬಳಕೆಯಾದ ಸಂಗತಿ ಬಯಲಾದ ಮೇಲೆ, ಮೊರಾರ್ಜಿ ದೇಸಾಯಿಯವರ ಸರಕಾರವು 1978ರಲ್ಲಿ ಅವುಗಳ ರಫ್ತನ್ನು ನಿಲ್ಲಿಸಿತು. 2014ರಲ್ಲಿ ಪ್ರಾಣಿಗಳ ಮೇಲೆ ಪರೀಕ್ಷಿಸಿದ ಪ್ರಸಾಧನ ಸಾಮಗ್ರಿಗಳ ಆಮದನ್ನೂ ಭಾರತ ನಿಷೇಧಿಸಿತು. ಹಿಂಸೆ ಕಣ್ಣಿಗೆ ದೂರವಾದರೆ ಹೊಣೆಯೂ ದೂರವಾಗದು ಎಂಬುದನ್ನು ಈ ಎರಡೂ ಕ್ರಮಗಳು ಒಪ್ಪಿಕೊಂಡಿವೆ.

ಇಲ್ಲಿ ಕಾವ್ಯದ ಮಿತಿಯನ್ನೂ ಹೇಳಬೇಕು. ಹಿಟ್ಟಿನ ಕೋಳಿಯಿಂದ ಯಾರ ರೋಗವೂ ವಾಸಿಯಾಗಲಿಲ್ಲ. ಪ್ರಯೋಗಶಾಲೆಯಿಂದ ಔಷಧ ಬಂದುದುಂಟು, ಅದನ್ನು ಶ್ರಾವಕರೂ ಸೇವಿಸುವರು. ಜನ್ನನು ಈ ಇಕ್ಕಟ್ಟನ್ನು ಕಂಡವನಲ್ಲ. ಆದರೂ ಚಂದ್ರಮತಿಯ ಪಾತ್ರದಿಂದ ಒಂದು ಉತ್ತರ ದೊರೆಯುತ್ತದೆ: ಪ್ರೀತಿ ಹಿಂಸೆಗೆ ಕಾರಣವನ್ನು ಕೊಡಬಹುದು, ಕ್ಷಮೆಯನ್ನಲ್ಲ. ಆದುದರಿಂದ ಔಷಧವನ್ನು ತೊರೆಯುವುದಕ್ಕಿಂತ, ಪ್ರಾಣಿಯಿಲ್ಲದ ಪರೀಕ್ಷಾ ವಿಧಾನಗಳಿಗೆ ಧನ ಒದಗಿಸುವುದು ಸಮಾಜದ ಕರ್ತವ್ಯ. ಆಸ್ಪತ್ರೆಗೂ ಸಂಶೋಧನೆಗೂ ದಾನ ಕೊಡುವ ಬಸದಿಯ ಟ್ರಸ್ಟುಗಳು ಆ ಹಣ ಎಲ್ಲಿಗೆ ಹೋಗುತ್ತದೆಂದು ಕೇಳುವುದು ಅಧಿಕಪ್ರಸಂಗವಲ್ಲ. ಅದು ವ್ರತದ ಭಾಗವೇ.

ಕಾವ್ಯದ ಕೊನೆಯಲ್ಲಿ ಮಾರಿದತ್ತ ರಾಜನು ಅಭಯರುಚಿಯಿಂದ ಈ ಕಥೆ ಕೇಳಿ ಹಿಂಸೆಯನ್ನೇ ತೊರೆಯುತ್ತಾನೆ. ಬಲಿಯನ್ನು ನೆರೆರಾಜ್ಯದಲ್ಲಿ ನಡೆಸಿರೆಂದು ಅವನು ಅಪ್ಪಣೆ ಕೊಡಲಿಲ್ಲ.