ಮಾತು ತಡೆಯದ ವೇಗ

ಐರನ್‌ಮ್ಯಾನ್‌ನಂಥ ದೀರ್ಘ ಟ್ರಯಥ್ಲಾನ್‌ಗೆ ತಯಾರಿ ಶುರುಮಾಡುವವರು ಮೊದಲು ಹುಡುಕುವುದು ತಮಗಿಂತ ಜೋರಾಗಿ ಓಡುವ, ಜೋರಾಗಿ ತುಳಿಯುವ ಜೊತೆಗಾರರನ್ನು. ಅಂಥವರ ಹಿಂದೆ ಬಿದ್ದರೆ ತಾವೂ ಚುರುಕಾಗುತ್ತೇವೆ ಎಂಬ ನಂಬಿಕೆ. ಹತ್ತು ಕಿಲೋಮೀಟರ್ ಓಟಕ್ಕಾದರೆ ಈ ನಂಬಿಕೆ ನಡೆದೀತು. ಐರನ್‌ಮ್ಯಾನ್‌ಗೆ ಬೇಕಾದವರು ನಮ್ಮನ್ನು ತಡೆದು ನಿಲ್ಲಿಸಬಲ್ಲವರು.

ಕಾರಣ ಆ ದೂರದಲ್ಲೇ ಇದೆ. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ, ಎಲ್ಲಕ್ಕೂ ಸೇರಿ 17 ಗಂಟೆ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, 50 ಮೀಟರ್ ಕೊಳದ ಈ ತುದಿಯಿಂದ ಆ ತುದಿಗೆ 76 ಸಲ ಈಜಿ, ಬೆಂಗಳೂರಿನ ಹಲಸೂರಿನಿಂದ ಮುಳಬಾಗಿಲಿನ ಹತ್ತಿರದವರೆಗೂ ಸೈಕಲ್ಲಿನಲ್ಲಿ ಹೋಗಿ ಬಂದು, ಮತ್ತೆ ಹೊಸಕೋಟೆ ದಿಕ್ಕಿಗೆ ಓಡಿ ವಾಪಸಾಗಬೇಕು. ಜೋರು ಶ್ರಮಕ್ಕೆ ಬೇಕಾದ ಗ್ಲೈಕೋಜನ್ ನಮ್ಮ ಮೈಯಲ್ಲಿರುವುದು ಎರಡು ಗಂಟೆಗೆ ಸಾಕಾಗುವಷ್ಟು, ಅಷ್ಟೇ. ಅದರಾಚೆಗಿನ ಹೊತ್ತನ್ನು ಕೊಬ್ಬು ಕರಗಿಸಿಕೊಂಡು, ನಡುನಡುವೆ ತಿಂದುಕೊಂಡು ದೂಡಬೇಕು. ಆ ಕೆಲಸ ದೇಹಕ್ಕೆ ಕರಗತವಾಗುವುದು ತಿಂಗಳುಗಟ್ಟಲೆ ನಿಧಾನವಾಗಿ ತುಳಿದಾಗ, ನಿಧಾನವಾಗಿ ಓಡಿದಾಗ. ನಿಧಾನವಾಗಿರುವುದೇ ಇಲ್ಲಿ ಎಲ್ಲಕ್ಕಿಂತ ಕಷ್ಟದ ಪಾಠ.

ಭಾನುವಾರ ಬೆಳಕು ಹರಿಯುವ ಮೊದಲು ಹಳೇ ಮದ್ರಾಸ್ ರಸ್ತೆ ನಮ್ಮಂಥವರದ್ದು. ಇಂದಿರಾನಗರ, ಟಿನ್ ಫ್ಯಾಕ್ಟರಿ ದಾಟಿ ಕೆ.ಆರ್. ಪುರದ ತೂಗುಸೇತುವೆ ಹತ್ತುವವರೆಗೆ ಮಾತಿಲ್ಲ, ಕೈಸನ್ನೆ ಮಾತ್ರ. ಮುಂದಿರುವವರು ಎಡಗೈಯನ್ನು ಬೆನ್ನ ಹಿಂದೆ ತಂದು ಬೆರಳು ಕೆಳಗೆ ಮಾಡಿದರೆ ಗುಂಡಿ, ಅಂಗೈ ಬಿಚ್ಚಿ ಹಿಡಿದರೆ ನಿಲ್ಲಿ. ಲಾರಿಗಳ ನಡುವೆ ಮುಂದಿನವರ ಆ ಬೆರಳನ್ನೇ ನಂಬಿ ಸಾಗುತ್ತೀರಿ. ಹೊಸಕೋಟೆಯಲ್ಲಿ ಅಷ್ಟು ಹೊತ್ತಿಗಾಗಲೇ ಬಿರಿಯಾನಿಗೆ ಸಾಲು ನಿಂತಿರುತ್ತದೆ. ಮಸಾಲೆಯ ಘಮ ರಸ್ತೆಗೂ ಬರುತ್ತದೆ. ಬರುವಾಗ ನಿಲ್ಲಬಹುದು, ಹೋಗುವಾಗ ಬೇಡ.

ಹೊಸಕೋಟೆ ದಾಟಿ ಕೋಲಾರದ ದಾರಿ ಅಗಲವಾದಾಗ ಕಾಲಿಗೆ ಹುಮ್ಮಸ್ಸು ಬರುತ್ತದೆ. ನನ್ನ ಜೊತೆಗಾರ್ತಿ ಗಣಿತದ ಮೇಡಂ. ಅವರು ಮಾತು ಶುರುಮಾಡುವುದು ಆಗಲೇ. ಮನೆಯ ವಿಷಯ, ಪರೀಕ್ಷೆಯ ವಿಷಯ, ಏನಾದರೂ ಸರಿ. ನಾನು ಪೂರ್ತಿ ವಾಕ್ಯದಲ್ಲಿ ಉತ್ತರಿಸಿದರೆ ವೇಗ ಸರಿಯಿದೆ ಎಂದರ್ಥ. ಬರೀ "ಹೂಂ" ಅಂದರೆ, "ಸಾರ್, ಉಸಿರು ಸಾಲ್ತಿಲ್ಲ ನಿಮಗೆ, ಒಂದು ಗೇರ್ ಇಳಿಸಿ" ಎನ್ನುತ್ತಾರೆ. ಕೈಗೆ ಕಟ್ಟಿದ ದುಬಾರಿ ಗಡಿಯಾರವೂ ನಾಡಿಬಡಿತ ತೋರಿಸುತ್ತದೆ, ನಿಜ. ಆದರೆ ಗಡಿಯಾರವನ್ನು ನೋಡದೇ ಇರಬಹುದು. ಪಕ್ಕದಲ್ಲಿರುವವರು ಕೇಳಿದ್ದಕ್ಕೆ ಉತ್ತರ ಕೊಡದೇ ಇರಲಾಗದು.

ಇನ್ನೊಂದು ವಿಷಯವನ್ನು ಅನೇಕರು ಸ್ಪರ್ಧೆಯ ಹಿಂದಿನ ದಿನದವರೆಗೂ ಮರೆತಿರುತ್ತಾರೆ. ಐರನ್‌ಮ್ಯಾನ್‌ನಲ್ಲಿ ಬೇರೊಬ್ಬರ ಚಕ್ರದ ಹಿಂದೆ ಗಾಳಿ ತಪ್ಪಿಸಿಕೊಂಡು ಹೋಗುವಂತಿಲ್ಲ. ನಮ್ಮಂಥ ಹವ್ಯಾಸಿಗಳಿಗೆ ನಡುವೆ 12 ಮೀಟರ್ ಅಂತರ ಇರಲೇಬೇಕು. ಅದರೊಳಗೆ ನುಗ್ಗಿದರೆ 25 ಸೆಕೆಂಡಿನಲ್ಲಿ ದಾಟಿ ಮುಂದಾಗಬೇಕು, ಇಲ್ಲವಾದರೆ 5 ನಿಮಿಷದ ದಂಡ. 12 ಮೀಟರ್ ಅಂದರೆ ಹೆಚ್ಚುಕಡಿಮೆ ಒಂದು ಬಿಎಂಟಿಸಿ ಬಸ್ಸಿನ ಉದ್ದ. ಆದ್ದರಿಂದ ನರಸಾಪುರದಾಚೆ ನಾವು ಮಾತು ನಿಲ್ಲಿಸಿ ಬಸ್ಸಿನುದ್ದ ಬಿಟ್ಟುಕೊಂಡು, ಎದುರುಗಾಳಿಯ ಪಾಲನ್ನು ಒಬ್ಬೊಬ್ಬರೇ ತಿನ್ನುತ್ತೇವೆ.

ಈಜಿನಲ್ಲಿ ನಿಯಮ ಬೇರೆ. ಮುಂದಿನವರ ಪಾದದ ಹಿಂದೆ ಈಜಿದರೆ ತಪ್ಪಿಲ್ಲ, ಶ್ರಮವೂ ಉಳಿಯುತ್ತದೆ. ಇದನ್ನು ಕಲಿಯಲು ಎರಡು ಜನ, ಒಂದು ಲೇನ್ ಸಾಕು. ಮುಂದಿನವರ ಕಾಲು ಎಬ್ಬಿಸಿದ ಗುಳ್ಳೆಗಳು ನಿಮ್ಮ ಬೆರಳತುದಿಗೆ ತಾಕುತ್ತಿರಬೇಕು, ಪಾದ ಮಾತ್ರ ತಾಕಬಾರದು. ಪದೇ ಪದೇ ಪಾದ ಮುಟ್ಟಿಸಿಕೊಂಡವರು ಸಿಟ್ಟಿಗೆದ್ದು ಒದೆಯುತ್ತಾರೆ. ಹಲಸೂರು ಕೆರೆಯಂಥ ದೊಡ್ಡ ನೀರು ಕಣ್ಣೆದುರೇ ಇದ್ದೂ ನಾವು ಕೊಳದಲ್ಲೇ ಉಳಿದಿದ್ದೇವೆ ಎಂಬುದು ನನಗೆ ನಿಜಕ್ಕೂ ಸಂಕಟದ ಸಂಗತಿ. ಸೇನೆಯ ಎಂಇಜಿ ಪಡೆಯ ಹಾಯಿದೋಣಿಗಳು ತೇಲುವ ಆ ಕೆರೆಯಲ್ಲಿ 2016ರಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದವು. ಚರಂಡಿ ನೀರು ಸೇರುವ ಕೆರೆಗೆ ಯಾರು ಇಳಿದಾರು? ಹಾಗಾಗಿ ತೆರೆದ ನೀರಿನ ಅಭ್ಯಾಸಕ್ಕೆ ಸಮುದ್ರವನ್ನೇ ಹುಡುಕಿಕೊಂಡು ಹೋಗಬೇಕು. 2019ರಿಂದ ಗೋವಾದಲ್ಲಿ ಅರ್ಧ ಅಳತೆಯ ಐರನ್‌ಮ್ಯಾನ್ 70.3 ನಡೆಯಲು ಶುರುವಾದ ಮೇಲೆ ಬೆಂಗಳೂರಿನವರಿಗೆ ಸ್ಪರ್ಧೆಯ ಸಮುದ್ರವಾದರೂ ಒಂದು ರಾತ್ರಿಯ ಪ್ರಯಾಣದಷ್ಟು ಹತ್ತಿರವಾಯಿತು.

ಬೆಂಗಳೂರಿನ ಟ್ರಯಥ್ಲೀಟ್ ಅನು ವೈದ್ಯನಾಥನ್ ಕೆನಡಾದ ಅಲ್ಟ್ರಾಮ್ಯಾನ್ ಮುಗಿಸಿದ್ದು ಅದಕ್ಕೂ ಹತ್ತು ವರ್ಷ ಮೊದಲು, 2009ರಲ್ಲಿ: ಮೂರು ದಿನಗಳಲ್ಲಿ 10 ಕಿ.ಮೀ. ಈಜು, 420 ಕಿ.ಮೀ. ಸೈಕಲ್, 84 ಕಿ.ಮೀ. ಓಟ. ಅಲ್ಟ್ರಾಮ್ಯಾನ್‌ನಲ್ಲಿ ಪ್ರತಿ ಸ್ಪರ್ಧಿಯ ಜೊತೆಗೂ ನೀರು, ಊಟ ಕೊಡುತ್ತ ಸಾಗುವ ಸಹಾಯಕರ ತಂಡ ಇರಲೇಬೇಕು. ಐರನ್‌ಮ್ಯಾನ್‌ನಲ್ಲಿ ಹೊರಗಿನವರ ಸಹಾಯ ಸಲ್ಲದು. ಪಂಕ್ಚರ್ ಆದರೆ ಟ್ಯೂಬ್ ನೀವೇ ಬದಲಿಸಲು ಗೊತ್ತಿರಬೇಕು. ಅದಕ್ಕೇ ಮೇಡಂ ಚಕ್ರ ಬಿಚ್ಚಿ ಕೂತಾಗ ನಾನು ಪಂಪು ಹಿಡಿದು ಮುಂದಾಗುವುದಿಲ್ಲ, ಅವರೂ ಹಾಗೇ.

ಸೈಕಲ್ ಇಳಿದ ತಕ್ಷಣ ಓಡುವ ಬ್ರಿಕ್ ಅಭ್ಯಾಸದ ಮೊದಲ ಎರಡು ಕಿಲೋಮೀಟರ್ ಜೊತೆಯಾಗಿಯೇ ಓಡುತ್ತೇವೆ, ಕಾಲು ಮರಗಟ್ಟಿದಂತಿರುವಾಗ ಪಕ್ಕದಲ್ಲೊಬ್ಬರು ಇರಲಿ ಎಂದು. ವಾರದ ಉದ್ದನೆಯ ಓಟ ಮಾತ್ರ ಬೇರೆ ಬೇರೆ. ಒಬ್ಬರ ಹೆಜ್ಜೆಗೆ ಇನ್ನೊಬ್ಬರು ಹೆಜ್ಜೆ ಹೊಂದಿಸಹೋದರೆ ಗಂಟೆಗಟ್ಟಲೆ ಓಟದಲ್ಲಿ ಮಂಡಿ ನೋಯುತ್ತದೆ. ಮೇಡಂ ಕೆ.ಆರ್. ಪುರದ ತಮ್ಮ ಮನೆಯ ಸುತ್ತ ಓಡುತ್ತಾರೆ, ನಾನು ಕಬ್ಬನ್ ಪಾರ್ಕಿನಲ್ಲಿ.